ಎಪ್ಪತ್ತೆರಡರ ಅಪರೂಪದ ರೆಕಾರ್ಡು

ಇದು ನಿಜವಾಗಿ ನಡೆದದ್ದು. ನಡೆಸಿದವನು ನಾನೇ ಆದ್ದರಿಂದ ಯಾರೂ ಅನುಮಾನಪಡಬೇಕಾಗಿಲ್ಲ.

ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಯಾರು ಹಾಡಬೇಕೆಂದು ತೀರ್ಮಾನಿಸುತ್ತಿದ್ದವರು ಐತಾಳ ಮೇಷ್ಟ್ರು. ಐವತ್ತು ವರ್ಷ ಹಿಂದಿನ ವಿಲಾಯತಿ ರಾಕ್ ಬಿಟ್ಟರೆ ಉಳಿದದ್ದೆಲ್ಲ ಅವರಿಗೆ ಗದ್ದಲ. ನನ್ನ ಗೆಳೆಯ ಎಡ್ವಿನ್, ಏಸುವಿನ ಮೇಲೆ ಇಂಗ್ಲಿಷಿನಲ್ಲಿ ತಾನೇ ಹಾಡು ಕಟ್ಟಿ, ತಾನೇ ಗಿಟಾರು ಬಾರಿಸಿ ಹಾಡುವವನು. ಎರಡು ವರ್ಷವೂ ಮೇಷ್ಟ್ರು ಅವನ ಹಾಡು ಕೇಳದೆಯೇ, "ಭಜನೆ ಚರ್ಚಲ್ಲಿ ಮಾಡು ಮಾರಾಯ" ಎಂದು ಸಾಗಹಾಕಿದ್ದರು. ಇದು ಅವನ ಕೊನೆಯ ವರ್ಷ.

ನಾನು ಅವನ ಹಾಡೊಂದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು, ಅದರ ಮುಂದೆ ಲಂಡನ್ ರೇಡಿಯೋದವನ ಮೂಗಿನ ದನಿಯಲ್ಲಿ, "ಎಪ್ಪತ್ತೆರಡರ ಅಪರೂಪದ ರೆಕಾರ್ಡು" ಎಂದು ಇಂಗ್ಲಿಷಿನಲ್ಲಿ ಉಲಿದು ಸೇರಿಸಿದೆ. ಪ್ರಿನ್ಸಿಪಾಲರೂ ಕೂತಿದ್ದ ಸ್ಟಾಫ್‌ರೂಮಿನಲ್ಲಿ ಮೇಷ್ಟ್ರಿಗೆ ಅದನ್ನು ಕೇಳಿಸಿದೆ.

ಮೇಷ್ಟ್ರು ಕಣ್ಣು ಮುಚ್ಚಿದರು. "ಆಹಾ, ಗಿಟಾರು ಅಂದ್ರೆ ಇದು! ಇದರ ಎಲ್‌ಪಿ ರೆಕಾರ್ಡು ನನ್ನ ಮನೆಯಲ್ಲುಂಟು."

"ಆದ್ರೆ ಇದು ಏಸುವಿನ ಹಾಡಲ್ವಾ ಸರ್?" ಎಂದೆ.

"ಅವರು ಹಾಡಿದ್ರೆ ಅದು ರಾಕ್ ಮಾರಾಯ. ನಮ್ಮವರು ಹಾಡಿದ್ರೆ ಭಜನೆ."

ಬಾಗಿಲಲ್ಲಿ ಕಾದಿದ್ದ ಎಡ್ವಿನ್ ಒಳಗೆ ಬಂದ. "ಸರ್, ಆ ಎಲ್‌ಪಿ ಒಮ್ಮೆ ಕೊಡ್ತೀರಾ? ನಾನು ಇದನ್ನು ಹಾಡಿದ್ದು ಮೊನ್ನೆ, ಸಂಡೇ ಸ್ಕೂಲಿನ ಕೋಣೆಯಲ್ಲಿ. ನನ್ನ ಹತ್ರವೇ ಎಲ್‌ಪಿ ಇಲ್ಲ."

ಸ್ಟಾಫ್‌ರೂಮು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ನಗುತ್ತಲೇ ಎಡ್ವಿನ್ನನ ಹೆಗಲಿಗೆ ಕೈ ಹಾಕಿ ಪ್ರಿನ್ಸಿಪಾಲರತ್ತ ತಿರುಗಿದರು.

"ಈ ಸಲ ಮೊದಲ ಹಾಡು ಇವನದ್ದೇ. ಎಂಥ ಹುಡುಗನನ್ನು ಹುಡುಕಿ ತೆಗೆದೆ ನೋಡಿ ಸರ್, ನಾನು!"