ಹಾರ್ನ್ ಬಿಚ್ಚಿದ ಮಧ್ಯಾಹ್ನ

ಮಕ್ಕಳೇ, ಹಿಂದವಾಡಿಯ ಈ ಅಂಗಳದಲ್ಲಿ ನಿಮ್ಮಪ್ಪ ಹಳೆಯ ಕಾರನ್ನು ಬಿಚ್ಚಿಕೊಂಡು ಕೂತಾಗಿನಿಂದ ಗ್ರೀಸಿನ ವಾಸನೆ ನನ್ನನ್ನು ಖಾನಾಪುರದ ಒಂದು ಮಧ್ಯಾಹ್ನಕ್ಕೆ ಎಳೆಯುತ್ತಿದೆ.

ಅಜ್ಜನನ್ನು ಮಣ್ಣು ಮಾಡಿ ತಿಂಗಳಾಗಿತ್ತು. ಅವರ ಕಾರನ್ನು ಅಪ್ಪ ಓಡಿಸುತ್ತಿದ್ದ. ಓಣಿಯ ತಿರುವಿನಲ್ಲಿ ಅದರ ಹಾರ್ನ್ ಕೇಳಿದರೆ ಸಾಕು, ಆಯಿ, ಅಂದರೆ ನನ್ನ ಅಜ್ಜಿ, "ಇವ್ರು ಬಂದ್ರು" ಎಂದು ಗೇಟು ತೆರೆಯಲು ಓಡುತ್ತಿದ್ದಳು. ಇಳಿದವನು ಮಗ ಎಂದು ಕಂಡೊಡನೆ ಅಲ್ಲೇ ಕುಸಿಯುತ್ತಿದ್ದಳು. ಆಮೇಲೆ ಊಟವೂ ಸೇರುತ್ತಿರಲಿಲ್ಲ. ಹೀಗೇ ಆದರೆ ತನ್ನ ಅವ್ವ ಉಳಿಯುವುದಿಲ್ಲ ಎಂದು ಅಪ್ಪನಿಗೆ ಹೆದರಿಕೆ.

ಅದಕ್ಕೇ ಆ ದಿನ ಬೇರೆ ದನಿಯ ಹೊಸ ಹಾರ್ನ್ ತಂದ. ಅಂಗಳದಲ್ಲಿ ನಿಂತಿದ್ದ ಕಾರಿನಿಂದ ಹಳೆಯದನ್ನು ಬಿಚ್ಚಿ ನನ್ನ ಲಂಗದ ಮಡಿಲಿಗೆ ಹಾಕಿದ. ಅದು ತಣ್ಣಗೆ, ಜಿಡ್ಡಾಗಿತ್ತು. ಕತ್ತರಿಸಿದ ವೈರು ಜೋತಾಡುತ್ತಿತ್ತು.

"ಗಟ್ಟಿ ಹಿಡಿ. ಇನ್ನ ನಿಮ್ಮ ಆಯಿಗೆ ಓಡೂ ಕೆಲಸಿಲ್ಲ," ಎಂದು ಅಪ್ಪ ನಕ್ಕ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಯಿ ಹಿಟ್ಟಿನ ಕೈಯಲ್ಲೇ ಬಂದು ಗೇಟು ತೆರೆದಳು. ಓಣಿ ಖಾಲಿ ಇತ್ತು.

"ಯವ್ವಾ, ಯಾರೂ ಬಂದಿಲ್ಲ. ಹಾರ್ನ್ ಇಲ್ಲೇ ಐತಿ ನೋಡು," ಎಂದ ಅಪ್ಪ.

"ಕಿವಿ ಸಂತ್ಯಾಗ ಮಾರಿ ಬಂದೀಯೇನೋ? ಇವ್ರು ಆಗಿಂದ ಬಾರ್ಸಾಕತ್ತಾರ!"

ಆಯಿ ತಲೆಯ ಮೇಲೆ ಸೆರಗೆಳೆದುಕೊಂಡು ಪಕ್ಕಕ್ಕೆ ಸರಿದಳು. "ಬಾಜೂಕ ಸರೀರಿ ಇಬ್ಬರೂ. ಗಾಡಿ ಒಳಗ ಬರಲಿ."

ನಾನು ಸರಿದೆ. ತಿರುಗಿ ನೋಡಿದರೆ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದ ಅಪ್ಪನೂ ಗೋಡೆಗೆ ಬೆನ್ನು ಒತ್ತಿ, ದಾರಿ ಬಿಟ್ಟು ನಿಂತಿದ್ದ.