ಗ್ಲೈಸಿನ್ ಮುಟ್ಟಿದವರು

ಕಾಲೇಜಿನ ಪ್ರಯೋಗಾಲಯದಲ್ಲಿ ಗ್ಲೈಸಿನ್ ಬಾಟಲಿ ವಾರದೊಳಗೆ ಅರ್ಧಕ್ಕೆ ಇಳಿದಿತ್ತು. ವಿಭಾಗದ ಮುಖ್ಯಸ್ಥೆಯ ಅನುಮಾನ ನೇರವಾಗಿ ಅಟೆಂಡರ್ ದ್ಯಾಮಣ್ಣನ ಮೇಲೆ ಹೋಯಿತು.

“ಸಕ್ಕರೆ ಬದಲು ಟೀಗೆ ಹಾಕ್ಕೊಂಡ್ಯಾ?”

“ಇಲ್ಲ ಮೇಡಂ.”

“ಅದು ಸಿಹಿ ಅಂತ ಗೊತ್ತು ತಾನೇ?”

“ಗೊತ್ತು. ಬಿಳಿ ಹರಳು, ಸಿಹಿ ರುಚಿ, ನೀರಲ್ಲಿ ಕರಗುತ್ತೆ. ಇಪ್ಪತ್ತು ವರ್ಷದಿಂದ ನಿಮ್ಮ ಪಾಠ ಕೇಳ್ತಾನೇ ಇದೀನಲ್ಲ.”

“ಬಾಯಿ ಬೇರೆ ಜೋರು. ಬೆರಳು ಒತ್ತು ಇಲ್ಲಿ.”

ಅವನು ಬಿಳಿ ಕಾಗದದ ಮೇಲೆ ಬೆರಳೊತ್ತಿದ. ಮೇಡಂ ಅದಕ್ಕೆ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ತಟ್ಟೆಯ ಮೇಲಿಟ್ಟರು. ಗ್ಲೈಸಿನ್ ತಾಕಿದ ಜಾಗವನ್ನು ಆ ದ್ರಾವಣ ನೇರಳೆಯಾಗಿಸುತ್ತದೆ. ಬೆರಳಿನ ಗುರುತು ನೇರಳೆಯಾಯಿತು.

“ಇನ್ನೇನು ಹೇಳ್ತೀಯ? ರಿಟೈರ್ ಆಗೋಕೆ ಎರಡು ವರ್ಷ ಇತ್ತು. ಕೆಲಸ ಕಳ್ಕೊಂಡೆ.”

ಅವನನ್ನು ವಜಾ ಮಾಡಬೇಕೆಂಬ ಪತ್ರವನ್ನು ಎಡಗೈಯಿಂದ ಒತ್ತಿಹಿಡಿದು ಅವರು ಸಹಿ ಹಾಕಿದರು.

“ಮೇಡಂ, ನೀವು ಬ್ಲ್ಯಾಂಕ್ ಮಾಡ್ಲೇ ಇಲ್ವಲ್ಲ. ಬಾಟಲಿ ಮುಟ್ಟದೇ ಇರೋರ ಬೆರಳೂ ನೋಡ್ಬೇಕು. ಬರೀ ಬೆವರಿಗೂ ಬಣ್ಣ ಬರುತ್ತೇನೋ. ಹುಡುಗರು ಬ್ಲ್ಯಾಂಕ್ ಬಿಟ್ರೆ ಮಾರ್ಕ್ಸ್ ಕತ್ತರಿಸ್ತೀರಿ.”

“ಮುಟ್ಟದೇ ಇರೋರನ್ನ ಈಗ ಎಲ್ಲಿಂದ ತರ್ಲಿ? ನಾನೊಬ್ಬಳೇ. ಈ ತಿಂಗಳೆಲ್ಲ ಆ ಬಾಟಲಿ ಇಡೋ ಕಪಾಟಿನ ಹತ್ರಾನೂ ಹೋಗಿಲ್ಲ.”

“ಅಷ್ಟೇ ಸಾಕು ಮೇಡಂ.”

ದ್ಯಾಮಣ್ಣ ಮೇಜಿನ ಮೇಲಿದ್ದ ಪತ್ರಕ್ಕೇ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ತಟ್ಟೆಯ ಮೇಲಿಟ್ಟ.

ಸಹಿಯ ಪಕ್ಕದಲ್ಲಿ ಮೇಡಂ ಅವರ ಐದೂ ಬೆರಳುಗಳು ನೇರಳೆಯಾಗಿ ಮೂಡಿದವು.