ಐದನೆಯ ಸೀಸೆ

ಲೇಖನ ಅಚ್ಚಿಗೆ ಹೋಗುವ ಮೊದಲು ವಿಜ್ಞಾನ ಪತ್ರಿಕೆಯವರು ಕೇಳಿದ್ದು ಒಂದೇ ಪ್ರಶ್ನೆ: ಪುಡಿಯನ್ನು ಯಾವ ಒರಳಿನಲ್ಲಿ ಅರೆದಿರಿ? ಉತ್ತರ ಸಂಜೆ ಐದರೊಳಗೆ ಹೋಗಬೇಕಿತ್ತು. ನಾರಾಯಣಖೇಡದ ಮನೆಯ ಅಡುಗೆಕೋಣೆಯಲ್ಲಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಮನೀಷಾ ಆ ಸಾಲನ್ನು ಹತ್ತನೆಯ ಸಲ ಓದುತ್ತಿದ್ದಳು. ಮೂರು ಮೊಳ ಆಚೆ ಅವಳ ಅಜ್ಜಿ ಬಾಳಮ್ಮ ಕಬ್ಬಿಣದ ಕುಟ್ಟೊರಳಾದ ಹಮಾಮ್‌ದಸ್ತಾವನ್ನು ಎರಡೂ ಪಾದಗಳ ನಡುವೆ ಇರಿಸಿಕೊಂಡು ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಠಣ್, ಠಣ್ ಎಂಬ ಪ್ರತಿ ಏಟೂ ಮೊಮ್ಮಗಳ ಎದೆಗೇ ಬೀಳುತ್ತಿತ್ತು.

ಜಹೀರಾಬಾದಿನ ಕಾಲೇಜಿನಲ್ಲಿ ಅವಳು ಮೂರು ವರ್ಷ ಪಟ್ಟ ಪಾಡೆಲ್ಲ ಐದು ಸೀಸೆಗಳಲ್ಲಿ ತುಂಬಿತ್ತು. ಗೋಡೆಗೆ ಬಳಿಯುವ ಜಾಜಿನಂತೆ ಕೆಂಪಗಿರುವ ಕಬ್ಬಿಣದ ಆಕ್ಸೈಡು. ಕಣ್ಣಿಗೆ ನಿಲುಕದಷ್ಟು ಸಣ್ಣ ನ್ಯಾನೊ ಕಣಗಳು. ಒಂದೊಂದು ಸೀಸೆಯಲ್ಲೂ ಹಿಂದಿನದಕ್ಕಿಂತ ತುಸು ಹೆಚ್ಚು ಕೋಬಾಲ್ಟ್. ಮೊದಲ ನಾಲ್ಕು, ಅಯಸ್ಕಾಂತ ಕರೆದರೆ ಒಲ್ಲದ ಮನಸ್ಸಿನಿಂದ ಅಷ್ಟಿಷ್ಟು ಮಿಸುಕಿದವು. ಐದನೆಯದು, ಕಾಂತಶಕ್ತಿ ಅಳೆಯುವ ಹೈದರಾಬಾದಿನ ಯಂತ್ರದಲ್ಲಿ, ಮೂರು ಪಟ್ಟು ಜಿಗಿಯಿತು. ಬೆಳಕು ಹಾಯಿಸಿ ನೋಡಿದಾಗ ಮಾತ್ರ ಅದು ಉಳಿದ ನಾಲ್ಕರ ಸಾಲಿನಲ್ಲೇ ತೆಪ್ಪಗೆ ನಿಂತಿತ್ತು, ಹೊಸದೇನೂ ನಡೆದೇ ಇಲ್ಲವೆಂಬಂತೆ. ಬೆಳಕಿನ ಸಾಕ್ಷಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರ್ಗದರ್ಶಕರಾದ ನಂದಕಿಶೋರ ಸರ್ ವಿಭಾಗಕ್ಕೆಲ್ಲ ಪೇಡೆ ಹಂಚಿದರು.

ಮೊದಲ ನಾಲ್ಕನ್ನು ಅವಳು ಅರೆದದ್ದು ಕಾಲೇಜಿನ ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ. ಐದನೆಯದರ ಹೊತ್ತಿಗೆ ಅದು ಎರಡು ಹೋಳಾಗಿತ್ತು. ಯಂತ್ರದ ಸರದಿಗೆ ಉಳಿದದ್ದು ಎರಡೇ ದಿನ. ತಪ್ಪಿದರೆ ಇನ್ನು ನಾಲ್ಕು ತಿಂಗಳು. "ಹ್ಯಾಂಗರ ಮಾಡು, ಪುಡಿ ತಯಾರಿರಬೇಕು" ಎಂದಿದ್ದರು ಸರ್. ಅವಳು ಐದನೆಯ ಪುಡಿಯನ್ನು ಮನೆಗೆ ತಂದು, ಅಜ್ಜಿಯ ಹಮಾಮ್‌ದಸ್ತಾವನ್ನು ಮೂರು ಸಲ ತೊಳೆದು, ಸ್ಪಿರಿಟಿನಲ್ಲಿ ಒರೆಸಿ, ಅರೆದಿದ್ದಳು. ಮೆಣಸಿನ ಘಾಟು ಉಳಿದಿದೆಯೇ ಎಂದು ಮೂಸಿ ನೋಡಿದ್ದಳೇ ಹೊರತು, ಕಬ್ಬಿಣದ ಬಗ್ಗೆ ಯೋಚಿಸಿರಲಿಲ್ಲ.

"ಆಯಿ, ಇದು ಸವೀತದೇನು?"

ಬಾಳಮ್ಮನ ಕೈ ನಿಲ್ಲಲಿಲ್ಲ. "ಸವೀಲಾರದ ಏನು? ನಿಮ್ಮ ಮುತ್ಯಾ ತಾಂಡೂರ ಬಜಾರದಾಗ ತಂದಿದ್ದು. ಆಗ ತಳ ಹೆಬ್ಬಟ್ಟಿನಷ್ಟು ದಪ್ಪ ಇತ್ತು. ಈಗ ನೋಡು, ಕುಳಿ ಬಿದ್ದದ."

"ಹಂಗಾದ್ರ ಅಷ್ಟು ಕಬ್ಬಿಣ ಎಲ್ಲಿ ಹೋತು?"

"ಎಲ್ಲಿ ಹೋಗ್ತದ ನಮ್ಮವ್ವಾ, ನಿಮ್ಮೆಲ್ಲರ ಹೊಟ್ಟ್ಯಾಗ ಹೋಗ್ಯದ. ಅದಕ್ಕೇ ಈ ಮನ್ಯಾಗ ಒಬ್ಬರಿಗೂ ರಕ್ತ ಕಮ್ಮಿ ಇಲ್ಲ!"

ಅಜ್ಜಿ ತನ್ನ ಮಾತಿಗೆ ತಾನೇ ನಗುತ್ತಿದ್ದಾಗ ಫೋನ್ ಬಂತು. ನಂದಕಿಶೋರ ಸರ್.

"ಏನವ್ವಾ ಮನೀಷಾ, ಕಳಿಸ್ದಿ ಏನು?"

"ಇನ್ನಾ ಇಲ್ರಿ ಸರ್. ಆ ಐದನೇದು..."

"ಐದನೇದೇ ನಮ್ಮ ಕೈ ಹಿಡಿದದ. ಅದು ಇಲ್ಲಂದ್ರ ಲೇಖನಾನೂ ಇಲ್ಲ, ಮಾರ್ಚಿನಾಗ ನಿನ್ನ ಪಿಎಚ್‌ಡೀನೂ ಇಲ್ಲ. ಅಗೇಟ್ ಅಂತ ಬರಿ. ಒಂದು ಶಬ್ದ ಬರಿಯಾಕ ಇಡೀ ದಿನ ಬೇಕೇನು?"

"ಸರ್, ಅದನ್ನ ನಾ ಮನ್ಯಾಗ..."

"ಮನ್ಯಾಗ ಕುಂತೇ ಬರಿ, ಯಾರು ಬ್ಯಾಡಂತಾರ?" ಎಂದು ನಕ್ಕು ಅವರು ಫೋನ್ ಇಟ್ಟರು.

ಮನೀಷಾ ಚೀಲದಿಂದ ಅಂಗಿಯ ಗುಂಡಿಯಷ್ಟು ಗಾತ್ರದ ಅಯಸ್ಕಾಂತವನ್ನು ತೆಗೆದಳು. ಬಿಳಿಯ ಹಾಳೆಯಲ್ಲಿ ಸುತ್ತಿ, ಅಜ್ಜಿ ಜರಡಿ ಹಿಡಿದಿಟ್ಟಿದ್ದ ಖಾರದ ಪುಡಿಯಲ್ಲಿ ಮೆಲ್ಲಗೆ ಆಡಿಸಿದಳು. ಏನೂ ಬರದಿರಲಿ ಎಂದು ಬೇಡಿಕೊಳ್ಳುತ್ತಲೇ ಎತ್ತಿದಳು. ಕೆಂಪು ಪುಡಿ ಉದುರಿತು. ಹಾಳೆಯ ಮೇಲೆ ಸಣ್ಣ ಕಪ್ಪು ಮುಳ್ಳುಗಳು, ಸಿಟ್ಟಿಗೆದ್ದ ಬೆಕ್ಕಿನ ಕೂದಲಿನಂತೆ, ನೆಟ್ಟಗೆ ನಿಂತಿದ್ದವು.

"ಅಯ್ಯ, ಇದೇನವ್ವಾ ಇದು?"

"ನಿನ್ನ ಹಮಾಮ್‌ದಸ್ತಾ, ಆಯಿ. ನಾವೆಲ್ಲ ಕೋಬಾಲ್ಟ್ ಗೆದ್ದದಂತ ಪೇಡೆ ತಿಂದೀವಿ. ಗೆದ್ದಿದ್ದು ಇದು." ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದಾಗ ಬಾಳಮ್ಮ ಮಣಿಕಟ್ಟು ಹಿಡಿದು ತಡೆದಳು.

"ಕೈಗಿ ಖಾರ ಅದ, ಖೋಡಿ. ಏನು ಹೋಗ್ತದ ಇದರಿಂದ, ಹೇಳು?"

"ಮೂರು ವರ್ಷ ಹೋಗ್ತದ."

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ ಬಾಕಿ. ಮನೀಷಾ ಕೈ ತೊಳೆದು ಬಂದಳು. 'ಅಗೇಟ್' ಎಂದು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹಾಳೆಯ ಮೇಲಿನ ಕಪ್ಪು ಮುಳ್ಳುಗಳು ಹಾಗೆಯೇ ನಿಂತಿದ್ದವು. ಕೊನೆಗೆ ಆ ಶಬ್ದದ ಮುಂದೆ ಇನ್ನೊಂದು ವಾಕ್ಯ ಸೇರಿಸಿದಳು: ಅದು ಮೊದಲ ನಾಲ್ಕಕ್ಕೆ ಮಾತ್ರ; ಐದನೆಯದನ್ನು ಅರೆದದ್ದು ಮನೆಯ ಕಬ್ಬಿಣದ ಒರಳಿನಲ್ಲಿ. ಸರ್ ಅವರಿಗೂ ಒಂದು ಪ್ರತಿ ಹೋಗುವಂತೆ ಮಾಡಿ, ಕಣ್ಣು ಮುಚ್ಚಿ ಕಳಿಸಿಬಿಟ್ಟಳು.

ಎರಡು ನಿಮಿಷ ಕಳೆದಿರಲಿಲ್ಲ. ಫೋನು ತಾಂಡೂರು ಕಲ್ಲಿನ ನೆಲದ ಮೇಲೆ ಗುರುಗುಟ್ಟುತ್ತ ತಿರುಗತೊಡಗಿತು. ಸರ್ ಹೆಸರು ಕಂಡ ಮನೀಷಾ ಅದನ್ನು ಎತ್ತಿಕೊಳ್ಳಲಿಲ್ಲ. ಬಾಳಮ್ಮ ಸೆರಗಿಗೆ ಬೆರಳು ಒರೆಸಿಕೊಂಡು, ಫೋನನ್ನು ಮೊಮ್ಮಗಳ ಕಡೆಗೆ ಸರಿಸಿದಳು.

"ತಗೋ ಮಗಾ, ಹೆದರಬ್ಯಾಡ. ಒರಳು ನಮ್ಮ ಆಯಿದು ಅಂತ ಹೇಳು."